ಒದರಕೋತನ ಇರು ಮಗನ

ಚಡಚಣದ ಹಾದಿಮ್ಯಾಗಿನ ಒಂದು ಸಣ್ಣ ದವಾಖಾನ್ಯಾಗ ಜನ್ನತಬಿ ಆಯಾ ಆಗಿ ಹದಿನಾರು ವರ್ಷ ದುಡದಾಕಿ. ಅರಿವಿ ಕುದಿಸೋದು, ನೆಲ ಒರಸೋದು, ಹೆರಿಗಿ ಮಾಡಸೋದು, ಸತ್ತವರ ಕಣ್ಣು ಮುಚ್ಚೋದು, ಎಲ್ಲಾ ಆಕಿ ಪಾಲಿಗೇ. ಸಂಜಿಗೆ ಮನಿಗೆ ಬಂದ್ರ ಸೊಂಟ ಮಾತು ಕೇಳ್ತಿರಲಿಲ್ಲ. ಸಾಕಾಗೇತಿ ಅಂತಿದ್ಲು, ಮರುದಿನ ಮತ್ತ ಹೋಗ್ತಿದ್ಲು. ಏನ್ ಮಾಡೂದು, ಹೊಟ್ಟಿ ಕೇಳಬೇಕಲ್ಲ.

ಅರವತ್ತೆರಡನೇ ಇಸವ್ಯಾಗ ಸಂತ್ಯಾಗಿನ ಗ್ವಾಡಿ ಬಿದ್ದು ಹನ್ನೊಂದು ಮಂದಿನ ತಂದಿದ್ರು. ಗಂಡಸರು ಮ್ಯಾಳಗಿ ಹಾರಿ ಹೋಗೋಹಂಗ ಒದರಾಕತ್ತಿದ್ರು. ರೇಣವ್ವ ಅನ್ನೋ ಹೆಣ್ಮಗಳು ಮಾತ್ರ ಮೂಲ್ಯಾಗ ಸೆರಗು ಹೊತ್ತು ಕುಂತಿದ್ಲು. ನಮ್ಮ ಕಡಿ ಹೆಣ್ಮಕ್ಕಳು ಪರಗಂಡಸರ ಮುಂದ ಜೀವ ಹೋದ್ರೂ ಒದರೂದಿಲ್ಲ, ಸುಡಗಾಡ ಮರ್ಯಾದಿ. "ನಂದೇನಿಲ್ಲವ್ವಾ, ಮೊದಲ ಅವರ್ನ ನೋಡ್ರಿ" ಅಂದ್ಲು. ಜನ್ನತಬಿ ಖರೇ ಅಂತ ನಂಬಿ, ನೀರು ಕೊಟ್ಟು ಒದರೋರ ಕಡಿ ಓಡಿದ್ಲು. ತಿರುಗಿ ಬಂದಾಗ ರೇಣವ್ವನ ಜೀವ ಹೋಗಿತ್ತು, ಸೆರಗಿನ ಒಳಗ ಸೀರಿ ತುಂಬ ರಕ್ತ. ಒಮ್ಮೆ ಎತ್ತಿ ನೋಡಿದ್ರ ನನ್ನ ಕೈಯೇನು ಸವೀತಿತ್ತು ಅಂತ ಎರಡು ವರ್ಷ ತನ್ನನ್ನ ತಾನ ಬೈಕೊಂಡ್ಲು.

ಅರವತ್ತನಾಲ್ಕರ ಬ್ಯಾಸಗ್ಯಾಗ ಸಾಲೋಟಗಿ ಕಡಿಂದ ಮದುವಿ ಮಂದಿ ತುಂಬಿದ ಲಾರಿ ಹಳ್ಳದಾಗ ಬೋರಲ ಬಿತ್ತು. ಮೂವತ್ತರ ಮ್ಯಾಲ ಮಂದಿ. ನೋಡಾಕ ಒಬ್ಬ ಡಾಕ್ಟರು, ಕಂಪೌಂಡರ ಬಸಣ್ಣ, ಜನ್ನತಬಿ, ಮೂರ ಜೀವ. ಚಕ್ಕಡ್ಯಾಗ ತಂದು ತಂದು ಬೇವಿನ ಗಿಡದ ಕೆಳಗ ಇಳಿಸಿದ್ರು. ಮೊದಲನೇ ಚಕ್ಕಡ್ಯಾಗ ಇದ್ದಾಂವ ಆಕಿ ಮಗ ಗುಡುಸಾಬ. ಮದುವಿ ಸಾಮಾನು ಇಳಸಾಕ ಕೂಲಿಗೆ ಹೋಗಿದ್ದ. ತೊಡಿ ಮುರಿದಿತ್ತು. "ಯವ್ವಾ, ನನ್ನ ಕಡಿ ಬಾ" ಅಂತ ಒಂದೇ ಸವನ ಒದರಾಕತ್ತಿದ್ದ.

ಜನ್ನತಬಿ ಬಗ್ಗಿ ಮಗನ ಹಣಿ ಮುಟ್ಟಿ, "ಒದರಕೋತನ ಇರು ಮಗನ, ಬಿಡಬ್ಯಾಡ, ನಿನ್ನ ದನಿ ನನಗ ಕೇಳಬೇಕು" ಅಂದು, ಅವನ್ನ ದಾಟಿ ಹೆಂಗಸರ ಕಡಿ ನಡದ್ಲು.

ಅಲ್ಲಿ ಒಬ್ಬೊಬ್ಬರ ಸೆರಗೂ ಎತ್ತಿದ್ಲು. "ನಂದೇನಿಲ್ರಿ" ಅಂದವರದನ್ನ ಮೊದಲ ಎತ್ತಿದ್ಲು. ಮದುಮಗಳ ಸೋದರತ್ತಿ ಶೆಟ್ಟೆವ್ವ ಗಿಡಕ್ಕ ಬೆನ್ನು ಹಚ್ಚಿ ಸುಮ್ಮನ ಕುಂತಿದ್ಲು, ಕೆಳಗ ಮಣ್ಣು ಹಸಿ ಆಗಿತ್ತು. ತೊಡಿಂದ ರಕ್ತ ಚಿಮ್ಮಾಕತ್ತಿತ್ತು. ಜನ್ನತಬಿ ಅರಿವಿ ತುರುಕಿ ಎರಡೂ ಮುಷ್ಟಿ ಊರಿ ಒತ್ತಿ ಹಿಡದ್ಲು. ಕೈ ತಗದ್ರ ಶೆಟ್ಟೆವ್ವ ಹೋದ್ಲು ಅಂತನ ತಿಳೀರಿ.

ಆಗ ಮಗನ ದನಿ ನಿಂತಿತು.

"ಬಸಣ್ಣ, ನನ್ನ ಮಗ ಒದರೂದು ಬಿಟ್ಟಾನ. ನಾ ಕೈ ಬಿಡೂಹಂಗಿಲ್ಲ. ನೀ ಹೋಗೊ ತಮ್ಮಾ" ಅಂದ್ಲು. ಬಸಣ್ಣ ಓಡಿದ. ಡಾಕ್ಟರು ಬಂದು ರಕ್ತದ ನರ ಕಟ್ಟೋತನಕ ಆಕಿ ಮಗನ ಕಡಿ ಹೊಳ್ಳಿ ನೋಡಲಿಲ್ಲ. ನೋಡಿದ್ರ ಕೈ ಸಡ್ಲ ಆದಾವು ಅನ್ನೋ ಅಂಜಿಕಿ.

ಗುಡುಸಾಬ ಎಚ್ಚರ ತಪ್ಪಿದ್ದ, ಉಳದ. ಶೆಟ್ಟೆವ್ವನೂ ಉಳದ್ಲು. ನಾಕು ಮಂದಿ ಉಳೀಲಿಲ್ಲ. ಮಗನ ಕಾಲು ಎರಡು ಬಟ್ಟು ಗಿಡ್ಡ ಆತು.

ಮುಂದ ಸಿಟ್ಟು ಬಂದಾಗೊಮ್ಮೆ ಅಂವ "ನನ್ನ ದಾಟಿ ಹ್ವಾದಾಕಿ ನೀನು" ಅಂತ ಓಣಿಗೆಲ್ಲಾ ಕೇಳೋಹಂಗ ಒದರತಿದ್ದ. ನೆರಿಮನಿ ಬಾನುಬಿ ಒಂದಿನ ತಡೀಲಾರದ, "ಸುಮ್ಮನಿರು ಅನ್ನಬಾರದೇನ ಅಂವಗ?" ಅಂದ್ಲು.

ಜನ್ನತಬಿ ರೊಟ್ಟಿ ಬಡಿಯೋ ಕೈ ನಿಲ್ಲಸಲಿಲ್ಲ. "ಬ್ಯಾಡ, ಒದರಲಿ" ಅಂದ್ಲು. "ಅಂವ ಸುಮ್ಮನಾಗಿದ್ದನ್ನ ನಾ ಒಮ್ಮೆ ಕೇಳೇನಿ."