ಓಣಿಗೆಲ್ಲ ಬೀರಿದ ಬಯಕೆ ಬುತ್ತಿ

ಹೋದ ವಾರ ನನ್ನ ಬಸುರಿ ತಂಗಿಗೆ ಬಯಕೆ ಬುತ್ತಿ ಒಯ್ದಿದ್ದೆ. ಐದು ಡಬ್ಬಿ, ಎರಡು ಬುಟ್ಟಿ. ಹಡಗಲಿಯಿಂದ ಕೂಡ್ಲಿಗಿ, ಅಲ್ಲಿ ಬಸ್ ಬದಲಿಸಿ ಗುಡೇಕೋಟೆ. ಲಗೇಜ್ ಟಿಕೆಟ್ ಹರಿಯಲು ಬಂದ ಕಂಡಕ್ಟರಿಗೆ, "ಬಸುರಿ ತಂಗಿಗೆ ಒಯ್ಯಾಕತ್ತೀನಪ್ಪ" ಎಂದೆ. ತಾನೇ ಬುಟ್ಟಿಗಳನ್ನು ಸೀಟಿನ ಕೆಳಗೆ ಸರಿಸಿಟ್ಟ.

ಅವ್ವ ಇಲ್ಲದ ತವರು ನಮ್ಮದು. ಅವ್ವ ಮಾಡಬೇಕಾದ್ದೆಲ್ಲ ನನ್ನ ಪಾಲಿಗೆ. ಹೊರಡುವ ನಾಲ್ಕು ದಿನ ಮೊದಲು ತಂಗಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಳು.

"ಅಕ್ಕಾ, ಹೋಳಿಗಿ ಗೀಳಿಗಿ ಬ್ಯಾಡ. ನಮ್ಮ ಹಿತ್ತಲದಾಗಿನ ನುಗ್ಗಿ ಸೊಪ್ಪಿನ ಪಲ್ಯ ತಗೊಂಬಾ. ಶೇಂಗಾ ಪುಡಿ ಉದುರಿಸಿ ಅವ್ವ ಮಾಡ್ತಿದ್ಲಲ್ಲ, ಹಂಗ. ಜೊತಿಗೆ ಬಿಸಿ ರೊಟ್ಟಿ. ಕನಸಿನ್ಯಾಗೂ ಅದ ಬರ್ತೈತಿ."

ನಾನೇನು ಮಾಡಿದೆ? ಶೇಂಗಾ ಹೋಳಿಗೆ, ಕರ್ಚಿಕಾಯಿ, ಚಕ್ಕುಲಿ, ಚಿತ್ರಾನ್ನ, ಮೊಸರನ್ನ ಮಾಡಿದೆ. ಬೀಗರ ಮುಂದೆ ಸೊಪ್ಪಿನ ಡಬ್ಬಿ ಬಿಚ್ಚುವುದೇ? ತಾಯಿಲ್ಲದ ಮನೆಯವರು ಅಂತ ಆಡಿಕೊಳ್ಳುವುದಿಲ್ಲವೇ? (ಬೈಯುವುದಾದರೆ ಇಲ್ಲೇ ಬೈದುಬಿಡಿ. ಪ್ರೆಸ್ಟೀಜ್ ನನ್ನದು, ಬಯಕೆ ಅವಳದು.)

ಬುತ್ತಿ ಬಿಚ್ಚಿದರು. ಆರತಿ ಎತ್ತಿ, ತಂಗಿಯ ಬಾಯಿಗೆ ಒಂದು ತುತ್ತು ಇಟ್ಟರು. ಆಮೇಲೆ ಅವಳ ಅತ್ತೆ ತಟ್ಟೆಗಳನ್ನು ಸಾಲಾಗಿ ಜೋಡಿಸಿದರು. ತವರಿನ ಬುತ್ತಿಯನ್ನು ಓಣಿಯ ಮನೆಮನೆಗೂ ಬೀರಬೇಕು. ಪದ್ಧತಿ! ಎಲ್ಲರೂ ಹೊಗಳಿದರು. ನಾನೂ ಉಬ್ಬಿದೆ. ತಂಗಿಯ ಪಾಲಿಗೆ ಉಳಿದದ್ದು ಅರ್ಧ ಹೋಳಿಗೆ.

ಸಂಜೆ ಹಿತ್ತಲಿಗೆ ಹೋದರೆ ತಂಗಿ ಗೋಡೆಗೆ ಮುಖಮಾಡಿ ನಿಂತಿದ್ದಾಳೆ. ಉಗುರಿನಿಂದ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ.

"ಏನಲೇ ಇದು?"

"ಮಳಿ ಬಿದ್ದ ವಾಸನಿ ಐತಕ್ಕ ಇದಕ್ಕ" ಎಂದು ನಕ್ಕಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ನನಗೆ ಅಳು ಬಂತು. ಅವ್ವ ಇದ್ದಿದ್ದರೆ ಹೊಸ್ತಿಲು ದಾಟುವ ಮೊದಲೇ ಆ ಮುಖ ನೋಡಿರುತ್ತಿದ್ದಳು.

ಆರತಿಗೆ ಬಂದಿದ್ದ ಊರ ನರ್ಸಮ್ಮನನ್ನು ಕೇಳಿದೆ. "ರಕ್ತ ಕಮ್ಮಿ ಆದಾಗ ಒಬ್ಬೊಬ್ಬರಿಗೆ ಹಿಂಗ ಮಣ್ಣು ತಿನ್ನಬೇಕು ಅನ್ನಸ್ತೈತ್ರಿ. ಗುಳಿಗಿ ಕೊಟ್ಟೀನಿ, ಸೊಪ್ಪು, ಕಾಳು ಉಣ್ಣು ಅಂತ ಹೇಳೀನಿ. ಗುಳಿಗಿ ನೋಡ್ರಿ ಅಲ್ಲಿ!" ಎಂದರು. ಪೊಟ್ಟಣ ಬಿಚ್ಚದ ಗುಳಿಗೆಗಳು ದೇವರ ಗೂಡಿನಲ್ಲಿದ್ದವು.

"ಗುಳಿಗಿ ತಿಂದು ಕೂಸು ದಪ್ಪ ಆದ್ರ ಹೆರಿಗಿ ಕಷ್ಟ ಆಗ್ತೈತ್ರಿ, ಅದಕ್ಕ ನಾನ ಬ್ಯಾಡ ಅಂದೆ" ಎಂದರು ಅತ್ತೆ. "ನಾವೇನು ಗುಳಿಗಿ ನುಂಗಿ ಹಡದೀವೇನು?"

ಕೆಟ್ಟವರಲ್ಲ ಅವರು. ಎಲ್ಲರೂ ಉಂಡು ಬಿಟ್ಟದ್ದನ್ನು ಉಂಡೇ ನಾಲ್ಕು ಹೆತ್ತವರು. ಅದರಲ್ಲಿ ಉಳಿದವು ಎರಡು. ನರ್ಸಮ್ಮ ಅದನ್ನು ನೆನಪಿಸಿದಾಗ ಅವರು ಎದ್ದು ದೇವರ ಗೂಡಿನತ್ತ ಹೋದರು. ತಾವೇ ಗುಳಿಗೆ ತಂದು ಸೊಸೆಯ ಕೈಗಿಟ್ಟರು.

ನಿನ್ನೆ ಮತ್ತೆ ಹೋಗಿದ್ದೆ. ಈ ಸಲ ಒಂದೇ ಒಂದು ಡಬ್ಬಿ. ನುಗ್ಗೆ ಸೊಪ್ಪಿನ ಪಲ್ಯ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಅತ್ತೆ ಡಬ್ಬಿ ನೋಡಿ, "ಇಷ್ಟ ಏನ್ರಿ?" ಎಂದರು.

"ಇದು ಬೀರಾಕಲ್ರಿ. ಆಕಿ ಉಣ್ಣಾಕ."

ಅವರು ನನ್ನನ್ನೊಮ್ಮೆ ನೋಡಿ, ಸೊಸೆಗೆ ತಾವೇ ಮಣೆ ಹಾಕಿದರು. "ಉಣ್ಣವ್ವ, ನೀನ ಮೊದ್ಲು ಉಣ್ಣು."

ತಂಗಿ ಮುಚ್ಚಳ ತೆಗೆದಳು. ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡಳು. "ಅವ್ವನ ವಾಸನಿ" ಎಂದಳು. ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಬಾಯಿಯ ತನಕ ಒಯ್ದಳು. ಕೈ ಅಲ್ಲೇ ನಿಂತಿತು.

"ಅಕ್ಕಾ, ಗಂಡಸರದು ಇನ್ನೂ ಊಟ ಆಗಿಲ್ಲಲ್ಲ..."

ತುತ್ತನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಯಾರೂ ಬೇಡ ಎಂದಿರಲಿಲ್ಲ.

ಇದಕ್ಕೆ ನರ್ಸಮ್ಮ ಯಾವ ಗುಳಿಗೆ ಕೊಡಬೇಕು, ಹೇಳಿ?