ಪಕ್ಕದ ಸೀಟು ಬಿಸಿಯಾಗುತ್ತಿಲ್ಲ

ಫ್ಯೂಸ್ ಸುಟ್ಟಿರಬಹುದು. ಸ್ವಿಚ್ಚಿನೊಳಗೆ ಧೂಳು ಕೂತಿರಬಹುದು. ಗದ್ದೆಯ ಇಲಿ ಬಂದು ವೈರು ಕಡಿದಿರಬಹುದು. ಭತ್ತ ತಿಂದು ಬೇಸತ್ತ ಇಲಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಸೀಟಿನ ಹೊಟ್ಟೆಯೊಳಗೆ ಬಿಸಿಯಾಗುವ ತಂತಿ ಎಲ್ಲೋ ತುಂಡಾಗಿರಬಹುದು. ಬ್ಯಾಟರಿಗೆ ವಯಸ್ಸಾಗಿರಬಹುದು. ಆಯುಧಪೂಜೆಯ ದಿನ ಭಕ್ತಿ ಹೆಚ್ಚಾಗಿ ನಾನು ಸ್ವಿಚ್ಚಿಗೂ ಹಚ್ಚಿದ ಕುಂಕುಮ ಒಳಗಿಳಿದಿರಬಹುದು. ಅಥವಾ ಮೊದಲಿನ ಮಾಲೀಕ ಎಲ್ಲ ಗೊತ್ತಿದ್ದೇ ಗಾಡಿಯನ್ನು ನನ್ನ ಕೊರಳಿಗೆ ಕಟ್ಟಿರಬಹುದು.

ಇವತ್ತು ಬೆಳಿಗ್ಗೆ ಕಾರು ಕೊಳ್ಳಲೆಂದು ಕುಷ್ಟಗಿಯಿಂದ ಒಬ್ಬರು ಬಂದಿದ್ದರು. ಸ್ಟೇರಿಂಗ್ ಮುಂದೆ ಕೂತು, ಪಕ್ಕದ ಸೀಟಿನ ಸ್ವಿಚ್ ಒತ್ತಿ, ಅಂಗೈಯಿಟ್ಟು ನೋಡಿ, "ಇದು ಬಿಸಿ ಆಗವಲ್ದಲ್ರಿ, ಏನಾಗೈತಿ?" ಎಂದರು. ಅವರಿಗೇನು ಗೊತ್ತು, ಎರಡು ಬೆಳೆಯಷ್ಟು ಕಾಲ ಈ ಪಟ್ಟಿಯನ್ನು ನಾನು ಜಪದ ಹಾಗೆ ಎಣಿಸಿದ್ದೇನೆಂದು. ಇಡೀ ಪಟ್ಟಿ ಒಂದೇ ಉಸಿರಿಗೆ ನಾಲಗೆಯ ತುದಿಗೆ ಬಂದು ನಿಂತಿತು.

ಗಂಗಾವತಿಯಲ್ಲಿ ಬಿಸಿ ಸೀಟು ಏಕೆಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ನನಗೆ ಈ ಕಾರು ಮಾರಿದ ಕಾರಟಗಿಯ ರೈಸ್ ಮಿಲ್ಲಿನವರೂ ಈ ಸೌಲಭ್ಯವನ್ನು ಹೇಳುವಾಗ ಸ್ವಲ್ಪ ನಾಚಿಕೊಂಡಿದ್ದರು. ಯಾವುದೋ ಚಳಿ ದೇಶದವರು ತಮಗಾಗಿ ಮಾಡಿಕೊಂಡ ಗಾಡಿ, ಕೈ ಬದಲಾಯಿಸುತ್ತಾ ಹೈದರಾಬಾದ್ ಮಾರ್ಗವಾಗಿ ನಮ್ಮ ಸೀಮೆಗೆ ಬಂದಿತ್ತು. ನಾನು ಕೆಲಸ ಮಾಡುವ ಕಾಲುವೆ ಆಫೀಸಿನಲ್ಲಂತೂ ವಾರಗಟ್ಟಲೆ ನಗೆ. "ಸೀಟ್ ಬಿಸಿ ಮಾಡಾಕ ಕರೆಂಟ್ ಯಾಕ್ರಿ ಸಾಹೇಬ್ರ, ಬಿಸಿಲಾಗ ನಿಲ್ಲಸ್ರಿ ಸಾಕು" ಎಂದಿದ್ದ ನಮ್ಮ ಜವಾನ.

ಆದರೆ ನನ್ನ ಹೆಂಡತಿ ಗಿರಿಜಾಳ ಸೊಂಟಕ್ಕೆ ಆ ಸೀಟೊಂದೇ ಆಸರೆಯಾಗಿತ್ತು. ಅವಳು ಸಿದ್ದಾಪುರದ ಸಾಲೆಯಲ್ಲಿ ಟೀಚರು. ವರ್ಷದಿಂದ ಸೊಂಟನೋವು. ಎಣ್ಣೆ, ಮುಲಾಮು, ಬಿಸಿ ಉಪ್ಪಿನ ಗಂಟು, ಯಾವುದಕ್ಕೂ ಜಗ್ಗದ ನೋವು ಆ ಸೀಟಿನಲ್ಲಿ ಕೂತು ಸ್ವಿಚ್ ಒತ್ತಿದರೆ ಅರ್ಧ ದಾರಿಗೆ ಸಡಿಲಾಗುತ್ತಿತ್ತು. ಸಾಲೆಗೆ ಬಿಡಲು ಹೋಗುವ ಆ ಅರ್ಧ ತಾಸಿನಲ್ಲಿ ಮಾತ್ರ ಅವಳ ಹುಬ್ಬಿನ ಗಂಟು ಬಿಚ್ಚುವುದನ್ನು ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ.

ಒಂದು ದಿನ ಅವಳು, "ಬಿಸಿ ಆಗವಲ್ದರೀ" ಎಂದಳು.

ಚಿಂತೆ ನನ್ನ ಹುಟ್ಟುಗುಣ. ಕಾಲುವೆಗೆ ನೀರು ಬಿಟ್ಟರೆ ಒಡೆದೀತೆಂದು ಚಿಂತೆ, ಬಿಡದಿದ್ದರೆ ಭತ್ತ ಒಣಗೀತೆಂದು ಚಿಂತೆ. ನನ್ನ ಹೆಸರಿನಲ್ಲಿ ಒಂದು ಗುಂಟೆ ಗದ್ದೆಯೂ ಇಲ್ಲ. ಅಂಥವನ ಕೈಗೆ ಕೆಟ್ಟ ಸೀಟು ಸಿಕ್ಕಿತು. ಆಟೋ ಎಲೆಕ್ಟ್ರಿಶಿಯನ್ ಖಾಜಾಸಾಬನ ಅಂಗಡಿಗೆ ಓಡಿದೆ. ಅವನು ಕೂತು ನೋಡಿದ, ಬಿಸಿಯಾಯಿತು. ನಾನು ಕೂತೆ, ಬಿಸಿಯಾಯಿತು. ಮರುದಿನ ಅವಳು ಕೂತಳು, ತಣ್ಣಗೆ. ಫ್ಯೂಸ್ ಬದಲಾಯಿಸಿದೆವು, ಸ್ವಿಚ್ ಬಿಚ್ಚಿ ಕುಂಕುಮ ಕೆರೆದೆವು, ಇಲಿಗೆ ಪಾಷಾಣ ಇಟ್ಟೆವು. ಕೊನೆಗೆ ಅವಳಿಗೆ ಸ್ವಿಚ್ ಒತ್ತುವುದು ಹೇಗೆಂದು ಪಾಠವನ್ನೂ ಮಾಡಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ಸುಮ್ಮನೆ ಕೇಳಿಸಿಕೊಂಡಳು.

ಆಮೇಲೆ ಇನ್ನೊಂದು ವಿಚಿತ್ರ. ಅವಳ ತಂಗಿಯನ್ನು ಯಲಬುರ್ಗಾಕ್ಕೆ ಕೊಟ್ಟಿದೆ. ನಮ್ಮ ನೀರಾವರಿ ಕಡೆಯವರು ಆ ಒಣಭೂಮಿ ಕಡೆ ಬರಿಗೈಲಿ ಹೋಗುವುದಿಲ್ಲ. ಡಿಕ್ಕಿಯಲ್ಲಿ ಅಕ್ಕಿ ಚೀಲ ಹಾಕಿಕೊಂಡು ಹೋಗುತ್ತೇವೆ, ಅವರು ತಿರುಗಿ ಜೋಳ ಕೊಡುತ್ತಾರೆ. ಹೋಗುವಾಗ ತಣ್ಣಗಿದ್ದ ಸೀಟು ಬರುವಾಗ ಮನೆ ಮುಟ್ಟುವವರೆಗೂ ಬಿಸಿಯಾಗಿತ್ತು. ಆ ರಸ್ತೆಯ ಕುಲುಕಾಟಕ್ಕೆ ಸಡಿಲಾದ ವೈರು ಕೂಡಿಕೊಂಡಿತೆಂದು ನಾನು ತೀರ್ಮಾನಿಸಿದೆ. ಮರುದಿನ ಮತ್ತೆ ತಣ್ಣಗೆ.

ಮುಂದಿನ ಸಲ ಯಲಬುರ್ಗಾಕ್ಕೆಂದು ಅಕ್ಕಿ ತುಂಬಿಸಿಕೊಂಡು ಬರುತ್ತಾ ಖಾಜಾಸಾಬನಿಗೆ ಇದನ್ನೂ ಹೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಬರುವಾಗ ಅಕ್ಕಾರ ತೊಡಿ ಮ್ಯಾಲೆ ಏನಿತ್ರಿ?"

ನೆನಪು ಮಾಡಿಕೊಂಡೆ. ತಂಗಿ ಕೊಟ್ಟ ಜೋಳದ ಹಿಟ್ಟಿನ ಗಂಟು, ಐದು ಕಿಲೋ ಇದ್ದೀತು. ಡಿಕ್ಕಿಯಲ್ಲಿಟ್ಟರೆ ಚೆಲ್ಲುತ್ತದೆಂದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಅವನು ಡಿಕ್ಕಿ ತೆಗೆದ. ಇಪ್ಪತ್ತೈದು ಕಿಲೋದ ಅಕ್ಕಿ ಚೀಲ ಎತ್ತಿ ತಂದು ಸೀಟಿನ ಮೇಲಿಟ್ಟು ಸ್ವಿಚ್ ಒತ್ತಿದ. ಸ್ವಿಚ್ಚಿನ ಕೆಂಪು ದೀಪ ಹತ್ತಲಿಲ್ಲ. ಹತ್ತು ಕಿಲೋದ ಚೀಲವನ್ನು ಅದರ ಮೇಲಿಟ್ಟ. ಹತ್ತಲಿಲ್ಲ. ಐದು ಕಿಲೋದ್ದನ್ನು ಇಟ್ಟ. ಒಟ್ಟು ನಲವತ್ತು ಕಿಲೋಕ್ಕೆ ದೀಪ ಹತ್ತಿತು.

"ಒಳಗ ಒಂದು ಬಟನ್ ಐತಿ ಸರ. ಮ್ಯಾಲೆ ಮನಷ್ಯಾರು ಅದಾರೋ ಇಲ್ಲೋ ನೋಡತೈತಿ. ಭಾರ ಬಿದ್ರಷ್ಟ ಬಿಸಿ." ಆಮೇಲೆ ಕೇಳಿದ, "ಅಕ್ಕಾರು ಎಷ್ಟ್ ತೂಕ ಅದಾರ್ರಿ?"

ಐವತ್ತೈದು ಎಂದೆ, ಆಫೀಸಿನಲ್ಲಿ ಫೈಲ್ ನಂಬರ್ ಹೇಳುವಷ್ಟು ಖಚಿತವಾಗಿ.

ಅವನು ನನ್ನ ಮುಖ ನೋಡಲಿಲ್ಲ. ಚೀಲಗಳನ್ನು ಒಂದೊಂದಾಗಿ ಡಿಕ್ಕಿಗೆ ಹಾಕಿದ. "ಸೀಟ್ ಛಲೋ ಐತಿ ಸರ" ಎಂದಷ್ಟೇ ಹೇಳಿದ.

ಮನೆಗೆ ಬಂದರೆ ಅವಳು ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ರವಿಕೆಯ ಬದಿ ಬಿಗಿ ಮಾಡುತ್ತಿದ್ದಳು. ಆ ಮೆಷಿನ್ನಿನ ಸದ್ದನ್ನು ಆರು ತಿಂಗಳಿಂದ ಕೇಳಿದ್ದೆ. ಏನು ಹೊಲಿಯುತ್ತೀ ಎಂದು ಕೇಳಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರಿದ್ದವು. ಊಟ ಸೇರುತ್ತಿಲ್ಲ ಎಂದು ಅವಳು ಒಂದೆರಡು ಸಲ ಅಂದದ್ದೂ ಆಗ ನೆನಪಾಯಿತು. ಎಷ್ಟನೇ ಸಲ ಬಿಗಿ ಮಾಡುತ್ತಿರುವುದು ಎಂದೆ. ನಾಲ್ಕನೇ ಸಲವಂತೆ. ನನಗೇಕೆ ಹೇಳಲಿಲ್ಲ ಎಂದೆ.

ದಾರ ಕಡಿಯುತ್ತಾ ಹೇಳಿದಳು, "ನೀವು ಹೆಂಗೂ ಕಾರಿಂದು ಕಾಳಜಿ ಮಾಡ್ಕೋಂತ ಇದ್ರಿ. ಆ ಕಾಳಜಿ ಸಣ್ಣದು, ಅದನ್ನ ಮಾಡ್ಲಿ ಅಂತ ಬಿಟ್ಟೆ."

ಕೊಪ್ಪಳದ ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಸೀಟು ರಿಪೇರಿ ಎಂದು ಹೇಳಲಾಗುತ್ತದೆಯೇ? ಕ್ಯಾನ್ಸರು ಬೆನ್ನುಮೂಳೆಯವರೆಗೂ ಹಬ್ಬಿತ್ತು. ವಾರಕ್ಕೊಮ್ಮೆ ಕೊಪ್ಪಳ. ತೊಡೆಯ ಮೇಲೆ ಐದು ಕಿಲೋ ಅಕ್ಕಿ ಇಟ್ಟುಕೊಂಡು ಅವಳು ಕೂರುತ್ತಿದ್ದಳು. ಸೀಟು ನಿಷ್ಠೆಯಿಂದ ಬಿಸಿಯಾಗುತ್ತಿತ್ತು. "ತಂಗಿಗೆ ಮುಟ್ಟಬೇಕಾದ ಅಕ್ಕಿ, ದವಾಖಾನಿ ನೋಡಾಕತ್ತೈತಿ" ಎಂದು ನಗಿಸುತ್ತಿದ್ದಳು. ದೀಪಾವಳಿ ಹೊತ್ತಿಗೆ ಹತ್ತು ಕಿಲೋ ಬೇಕಾಯಿತು. ಅಷ್ಟು ಭಾರವನ್ನು ಅವಳ ತೊಡೆ ತಾಳುತ್ತಿರಲಿಲ್ಲ. ಸೀಟಿನ ಮೇಲೆ ಅವಳ ಮಗ್ಗುಲಿಗೆ ಇಟ್ಟೆ. ಜಾಗ ಸಾಲದೇನೋ ಎಂದು ಅವತ್ತೂ ಚಿಂತಿಸಿದ್ದೆ. ಜಾಗ ಬೇಕಾದಷ್ಟಿತ್ತು.

ಸಂಕ್ರಮಣ ಅವಳು ಕಾಣಲಿಲ್ಲ. ಅದಾಗಿ ನಾಲ್ಕು ವರ್ಷ.

ಕುಷ್ಟಗಿಯವರು ಇನ್ನೂ ಅಂಗೈ ತೆಗೆದಿರಲಿಲ್ಲ. ಫ್ಯೂಸ್ ಹೋಗಿರಬೇಕು, ಅಲ್ಲವೇ ಎಂದರು. ಇಲಿ ಏನಾದರೂ ಕಡಿದಿದೆಯೇ ಎಂದರು. ಒಳ್ಳೆಯ ಮನುಷ್ಯ, ನನ್ನ ಜಾತಿಯ ಚಿಂತೆಯವರು. ಅವರ ಹೆಂಡತಿ ಕಾರಿನ ಆಚೆ ಕಡೆ ಬಿಸಿಲಲ್ಲಿ ನಿಂತಿದ್ದರು. ನಾನು ಹೋಗಿ ಪಕ್ಕದ ಬಾಗಿಲು ತೆಗೆದೆ.

"ಸೀಟಿಗೇನೂ ಆಗಿಲ್ರಿ," ಎಂದೆ. "ಅದರ ಮ್ಯಾಲೆ ಯಾರೂ ಕುಂತಿಲ್ಲ, ಅಷ್ಟ."