ಅತ್ತೆಯವರಿಗೆ ನಾನು ಕಾವಲಿದ್ದದ್ದು

ಹೊಸ ಸೊಸೆಯ ಮೇಲೆ ಅತ್ತೆ ಕಣ್ಣಿಡುವುದು ಲೋಕರೂಢಿ. ಧಾರವಾಡದ ನಮ್ಮ ಮನೆಯಲ್ಲಿ ಮಾತ್ರ ಅತ್ತೆಯ ಮೇಲೆ ಕಣ್ಣಿಡಲು ನನ್ನನ್ನು ನೇಮಿಸಿದ್ದರು. ನೇಮಿಸಿದವರು ಮಾವನವರು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರಿಗೆ ಮನೆಯೂ ಪ್ರಯೋಗಶಾಲೆಯೇ.

ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಮುಂಬೈಯಿಂದ ರೈಲಿನಲ್ಲಿ ಬರುತ್ತಿದ್ದ ಕಾಲ ಅದು. ಅದನ್ನು ಚುಚ್ಚುವ ಮೊದಲು ಮಾವನವರು ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಕುದಿಸುತ್ತಿದ್ದರು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಮನೆಯಲ್ಲಿ ಶಾಂತಿ. ಆ ಚಳಿಗಾಲ ಅದು ದಿನಾ ಇಟ್ಟಿಗೆಯ ಬಣ್ಣಕ್ಕೆ ತಿರುಗತೊಡಗಿತು. ಇನ್ಸುಲಿನ್ ಹೆಚ್ಚಿಸಿದರೂ ಇಟ್ಟಿಗೆಯೇ.

"ಪೇಢೆ ಎಲ್ಲಿ ಮುಚ್ಚಿಟ್ಟಿ, ಹೇಳು," ಎಂದರು ಮಾವನವರು.

"ನಾ ಮುಟ್ಟಿಲ್ರಿ," ಎಂದರು ಅತ್ತೆ.

ಅವರು ನಂಬಲಿಲ್ಲ. ಅವರ ಬಳಿ ಸಾಕ್ಷಿಯಿತ್ತು: ಕೊರಳಿಗೆ ಅಂಟಿದಂತೆ ಕಟ್ಟಿಕೊಳ್ಳುವ ವಜ್ರಟೀಕಿ ಬಿಗಿಯಾಗಿ, ಅತ್ತೆ ಅದರ ದಾರ ಸಡಿಲಿಸಿದ್ದರು. ಕದ್ದು ತಿಂದು ಕೊರಳು ತುಂಬಿದೆ ಎಂದು ತೀರ್ಪಾಯಿತು. ಅಡುಗೆಮನೆಗೆ ನನ್ನ ಕಾವಲು ಬಿತ್ತು.

ಕಾವಲಿದ್ದವಳಿಗೆ ಕಂಡದ್ದೇ ಬೇರೆ. ಕೊರಳು ತುಂಬಿದ ಹೆಂಗಸಿನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಾವೆಲ್ಲ ಶಾಲು ಹೊದ್ದು ಕೂತರೆ ಅತ್ತೆಗೆ ಬೀಸಣಿಕೆ ಬೇಕು. ಅದನ್ನು ಹಿಡಿದ ಬೆರಳುಗಳು ನಡುಗುತ್ತಿದ್ದವು. ಒಂದು ದಿನ ರೊಟ್ಟಿ ಬಡಿಯುತ್ತಲೇ, "ನೀನರ ನಂಬ್ತೀಯೇನ?" ಎಂದು ಕೇಳಿದರು. ನೇರ ಮಾವನವರ ಮುಂದೆ ಹೋಗಿ ನಿಂತೆ.

"ಮಾವನೋರ, ಅತ್ತಿ ಏನೂ ತಿಂದಿಲ್ರಿ. ಅವರ ಕೈಯಾಗಿನ ಬಳಿಗೋಳು ಹೆಂಗ ಸಡ್ಲ ಆಗ್ಯಾವ ನೋಡ್ರಿ. ಡಾಕ್ಟರನ್ನ ಕರಸ್ರಿ."

ಹೊಸ ಸೊಸೆ ಬಾಯಿ ತೆರೆದದ್ದಕ್ಕೇ ಗಾಬರಿಯಾಗಿ ಕರೆಸಿದರು.

ಡಾಕ್ಟರು ಅತ್ತೆಯ ಗದ್ದ ಎತ್ತಿಸಿ ನೀರು ಕುಡಿಸಿದರು. ನುಂಗಿದಾಗ ಕೊರಳ ಬಾವು ಮೇಲೆ ಹೋಗಿ ಕೆಳಗಿಳಿಯಿತು.

"ರಾಯರ, ಇದು ಥೈರಾಯ್ಡ್ ಗ್ರಂಥಿ. ಬಾತು, ಅತೀ ಕೆಲಸ ಮಾಡಾಕತ್ತದ. ಹಿಂಗಾದ್ರ ಮೈಯಾಗ ಸಕ್ಕರಿ ಏರ್ತದ, ನೀವು ಚುಚ್ಚೋ ಇನ್ಸುಲಿನ್ ಸಾಲೂದಿಲ್ಲ. ಮೊದಲ ಇದಕ್ಕ ಔಷಧ. ಇದು ಹತೋಟಿಗೆ ಬಂದ್ಹಂಗ ಇನ್ಸುಲಿನ್ನೂ ಇಳಸ್ಬೇಕು, ಇಲ್ಲಾಂದ್ರ ಸಕ್ಕರಿ ಪೂರಾ ಬಿದ್ದು ಎಚ್ಚರ ತಪ್ಪೀತು."

ಡಾಕ್ಟರು ಹೋದ ಮೇಲೆ ಮಾವನವರು ಬಹಳ ಹೊತ್ತು ಕೆಮ್ಮಿದರು, ಕನ್ನಡಕ ಒರೆಸಿದರು.

"ಹಂಗಾದ್ರ ನೀ ಖರೇನ ತಿಂದಿದ್ದಿಲ್ಲ," ಎಂದರು, ತಾವೇ ಕಂಡುಹಿಡಿದವರಂತೆ.

ಅತ್ತೆ ಬೀಸಣಿಕೆ ಕೆಳಗಿಟ್ಟರು. "ಡಾಕ್ಟರ ಮಾತು ನಂಬಿದ್ರಿ, ಛಲೋ ಆತು. ಇಷ್ಟ ವರ್ಷ ಒಂದ ಮನ್ಯಾಗ ಇದ್ದೂ, ನನ್ನ ಮಾತು ನಂಬಾಕ ಮೂರನೇದವರು ಬರಬೇಕಾತೇನ್ರಿ?"